ಮೋಟಾರು ಗಾಲಿಯ ಸದ್ದು: ಟೈರಿನದೋ, ಬೇರಿಂಗಿನದೋ?

ಮೋಟಾರು ಬಂಡಿಯನ್ನು ಮನೆಯಲ್ಲಿಟ್ಟುಕೊಂಡಿರುವ ನಮ್ಮ ವಾಚಕ ಮಹಾಶಯರಲ್ಲಿ ಅನೇಕರಿಗೆ ಈ ಅನುಭವವು ಒಂದಲ್ಲ ಒಂದು ದಿನ ಆಗಿಯೇ ಇರಬೇಕು. ಬಂಡಿಯು ಮೆಲ್ಲಗೆ ಹೋಗುತ್ತಿರುವಾಗ ಯಾವ ತೊಂದರೆಯೂ ಕಾಣುವುದಿಲ್ಲ. ವೇಗವು ಗಂಟೆಗೆ 40 ಕಿಲೋಮೀಟರನ್ನು ದಾಟಿತೆಂದರೆ ಕೆಳಗಿನಿಂದ ಗುಂಯ್‌ಗುಟ್ಟುವ ಒಂದು ಸದ್ದು ಏಳುತ್ತದೆ. ವೇಗ ಏರಿದಂತೆ ಅದೂ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಕೆಲವು ದಿನಗಳಲ್ಲಿ ಕಿವಿಯು ಅದಕ್ಕೆ ಹೊಂದಿಕೊಂಡು, ಸದ್ದು ಇದೆಯೆಂಬುದೇ ಮರೆತುಹೋಗುತ್ತದೆ. ಈ ಮರೆವು ಒಳ್ಳೆಯದಲ್ಲ. ಇಂಥ ಸದ್ದನ್ನು ಮಾಡತಕ್ಕವು ಮುಖ್ಯವಾಗಿ ಎರಡು: ಅಂಕುಡೊಂಕಾಗಿ ಸವೆದ ಟೈರು ಒಂದು, ಕೆಡುತ್ತಿರುವ ಗಾಲಿಯ ಬೇರಿಂಗು ಮತ್ತೊಂದು. ಮೊದಲನೆಯದು ಬಹುಮಟ್ಟಿಗೆ ಕಿವಿಗೆ ಕಿರಿಕಿರಿ. ಎರಡನೆಯದನ್ನು ಉಪೇಕ್ಷಿಸಿದರೆ ಗಾಲಿಯೇ ಸಡಿಲವಾಗಿ ಪ್ರಾಣಕ್ಕೆ ಸಂಚಕಾರ ಬಂದೀತು.

ಇದನ್ನು ನಾವು ಹಣ ತೆತ್ತು ಕಲಿತೆವು. 2023ನೆಯ ಇಸವಿಯ ಮಳೆಗಾಲ ಕಳೆದ ಮೇಲೆ ನಮ್ಮ ಬಂಡಿಯಲ್ಲಿ ಈ ಸದ್ದು ಮೊದಲಾಯಿತು. ಊರಿನ ಒಂದು ಅಂಗಡಿಯವರು ಟೈರುಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸಿ, ಅವುಗಳ ಆಯುಸ್ಸು ತೀರಿತೆಂದು ಹೇಳಿಬಿಟ್ಟರು. ನಾವೂ ನಂಬಿ ನಾಲ್ಕನ್ನೂ ಬದಲಾಯಿಸಿದೆವು. ಸದ್ದು ಕೊಂಚ ತಗ್ಗಿದಂತೆ ತೋರಿತು. ಕಾಸು ಕೊಟ್ಟವನ ಕಿವಿಗೆ ಹಾಗೆ ತೋರುವುದು ಸಹಜವಷ್ಟೆ. ಹದಿನೈದು ದಿನಗಳ ತರುವಾಯ ಹಾಸನದಿಂದ ಮಂಗಳೂರಿಗೆ ಸಂಸಾರಸಮೇತರಾಗಿ ಹೊರಟೆವು. ಸಕಲೇಶಪುರ ದಾಟುವುದರೊಳಗೆ ಹಿಂದುಗಡೆ ಕುಳಿತಿದ್ದ ನಮ್ಮ ತಾಯಿಯವರು, “ಏನೋ, ನನ್ನ ಕಾಲ ಬುಡದಲ್ಲಿ ಯಾರೋ ರಾಗಿ ಬೀಸುತ್ತಿದ್ದಾರಲ್ಲೋ!” ಎಂದರು. ನಾವು ನಕ್ಕು, ಟೈರು ಹೊಸದಮ್ಮ, ಹಾಗೆಯೇ ಇರುತ್ತದೆ ಎಂದೆವು.

ಆ ನಗೆ ಶಿರಾಡಿ ಘಾಟಿಯವರೆಗೆ ಮಾತ್ರ ಉಳಿಯಿತು. ಅಲ್ಲಿ ಡಾಂಬರು ಮುಗಿದು ಕಾಂಕ್ರೀಟು ರಸ್ತೆ ಮೊದಲಾಗುತ್ತದೆ. ಸದ್ದು ಟೈರಿನದಾಗಿದ್ದರೆ ಅಲ್ಲಿ ಅದರ ಸ್ವರ ಬದಲಾಗಬೇಕಾಗಿತ್ತು, ಆಗಲಿಲ್ಲ. ರಸ್ತೆಯ ಸದ್ದು ಬೇರೆಯಾಯಿತೇ ಹೊರತು, ಅದರ ಅಡಿಯಲ್ಲಿ ಬೀಸುವ ಕಲ್ಲಿನ ಧ್ವನಿ ಇದ್ದ ಹಾಗೆಯೇ ಇತ್ತು. ಇನ್ನೂ ವಿಚಿತ್ರವೆಂದರೆ, ಎಡಕ್ಕೆ ತಿರುಗುವ ಪ್ರತಿಯೊಂದು ತಿರುವಿನಲ್ಲಿಯೂ ಅದು ಗಟ್ಟಿಯಾಗುತ್ತಿತ್ತು. ಬಲಕ್ಕೆ ತಿರುಗುವಾಗ ಹೆಚ್ಚುಕಡಿಮೆ ಅಡಗಿಹೋಗುತ್ತಿತ್ತು. ನಿಧಾನವಾಗಿ ಇಳಿದು ಉಪ್ಪಿನಂಗಡಿಯನ್ನು ಸೇರಿ, ಒಬ್ಬ ವಯಸ್ಸಾದ ಮೆಕ್ಯಾನಿಕ್ಕರಲ್ಲಿ ಈ ಸಂಗತಿಯನ್ನು ಅರಿಕೆ ಮಾಡಿದೆವು. ಅವರು ಬಂಡಿಯನ್ನು ಮುಟ್ಟುವ ಮೊದಲೇ, “ಬಲಗಡೆಯ ಬೇರಿಂಗು ಸ್ವಾಮಿ, ನೋಡೋಣ” ಎಂದರು.

ಅವರ ಮಾತಿನ ಹಿಂದಿರುವ ತರ್ಕ ಸುಲಭವಾದುದು. ಬಂಡಿ ಎಡಕ್ಕೆ ತಿರುಗುವಾಗ ಭಾರವು ಬಲಗಡೆಯ ಗಾಲಿಗಳ ಮೇಲೆ ಹೆಚ್ಚಾಗಿ ಬೀಳುತ್ತದೆ. ಬಲಕ್ಕೆ ತಿರುಗುವಾಗ ಎಡಗಡೆಯವುಗಳ ಮೇಲೆ. ಕೆಟ್ಟ ಬೇರಿಂಗಿನ ಮೇಲೆ ಭಾರ ಬಿದ್ದಾಗ ಅದು ನರಳುತ್ತದೆ, ಭಾರ ತೆಗೆದಾಗ ಸುಮ್ಮನಾಗುತ್ತದೆ. ಜನವಿಲ್ಲದ ಅಗಲವಾದ ರಸ್ತೆಯಲ್ಲಿ ಮಿತವಾದ ವೇಗದಲ್ಲಿ ಬಂಡಿಯನ್ನು ಸ್ವಲ್ಪ ಎಡಕ್ಕೂ ಸ್ವಲ್ಪ ಬಲಕ್ಕೂ ವಾಲಿಸಿ ಇದನ್ನು ಯಾರಾದರೂ ಪರೀಕ್ಷಿಸಬಹುದು. ಆದರೆ ಈಗಿನ ಬೇರಿಂಗುಗಳಲ್ಲಿ ಗುಂಡುಗಳ ಸಾಲು ಸಾಮಾನ್ಯವಾಗಿ ಎರಡಿರುವುದರಿಂದ, ಯಾವ ಸಾಲು ಕೆಟ್ಟಿದೆಯೆಂಬುದನ್ನು ಅನುಸರಿಸಿ ಈ ಲಕ್ಷಣವು ಒಮ್ಮೊಮ್ಮೆ ತಿರುಗುಮುರುಗಾಗುವುದೂ ಉಂಟು. ಸದ್ದು ಯಾವ ಮೂಲೆಯಿಂದ ಬರುತ್ತದೆಂಬ ವಿಷಯದಲ್ಲಿ ಒಳಗೆ ಕುಳಿತವರ ಕಿವಿಯೂ ಮೋಸಹೋಗುತ್ತದೆ. ಆದಕಾರಣ ಕೇಳಿದ್ದರಿಂದ ಸಂದೇಹ ಮಾತ್ರ ಹುಟ್ಟಬೇಕು. ತೀರ್ಮಾನವನ್ನು ಕೈಯಿಂದ ಮುಟ್ಟಿಯೇ ಮಾಡತಕ್ಕದ್ದು. ಸದ್ದು ಎಂಜಿನ್ನಿನದೇ ಎಂಬ ಅನುಮಾನವಿದ್ದರೆ, ಸಮತಟ್ಟಾದ ರಸ್ತೆಯಲ್ಲಿ ಕ್ಷಣಕಾಲ ಗೇರನ್ನು ನ್ಯೂಟ್ರಲ್ಲಿಗೆ ತಂದು ಕೇಳಬಹುದು. ಆಗಲೂ ಸದ್ದು ಉಳಿದರೆ ಅದು ಗಾಲಿಗಳ ಕಡೆಯದು. ಘಾಟಿಯ ಇಳಿಜಾರಿನಲ್ಲಿ ಮಾತ್ರ ಈ ಪ್ರಯೋಗವನ್ನು ಎಂದಿಗೂ ಮಾಡಕೂಡದು.

ಹಳೆಯ ಎತ್ತಿನ ಗಾಡಿಯನ್ನು ಕಂಡವರಿಗೆ ಬೇರಿಂಗೆಂದರೇನೆಂಬುದನ್ನು ವಿವರಿಸುವುದು ಕಷ್ಟವಲ್ಲ. ಗಾಲಿಯ ನಡುವಣ ಗುಂಬದೊಳಗೆ ಅಚ್ಚು ಉಜ್ಜುವುದನ್ನು ತಪ್ಪಿಸಲು ಗಾಡಿಯವನು ಕೀಲೆಣ್ಣೆ ಹಾಕುತ್ತಿದ್ದನು. ಮರೆತರೆ ಗಾಡಿಯ ಕಿರುಗುಟ್ಟುವಿಕೆ ಊರಿಗೆಲ್ಲ ಕೇಳುತ್ತಿತ್ತು. ಉಜ್ಜುವುದರ ಬದಲು ಉರುಳುವಂತೆ ಮಾಡಿದರೆ ಹೇಗೆಂದು ಯೋಚಿಸಿ, ವೇಲ್ಸ್ ದೇಶದ ಫಿಲಿಪ್ ವಾನ್ ಎಂಬಾತನು ಬಂಡಿಯ ಅಚ್ಚಿಗೆ ಗುಂಡುಗಳನ್ನು ಜೋಡಿಸುವ ವಿಧಾನಕ್ಕೆ 1794ರಲ್ಲಿಯೇ ಹಕ್ಕುಪತ್ರವನ್ನು ಪಡೆದನು. ಇಂದಿನ ಮೋಟಾರಿನ ಗಾಲಿಯಲ್ಲಿರುವುದೂ ಅದೇ ತತ್ತ್ವ: ಎರಡು ಉಕ್ಕಿನ ಬಳೆಗಳ ನಡುವೆ ನುಣುಪಾದ ಉಕ್ಕಿನ ಗುಂಡುಗಳು, ಸುತ್ತಲೂ ಗ್ರೀಸು, ಹೊರಗೆ ನೀರು ಧೂಳು ಹೋಗದಂತೆ ಒಂದು ಮುಚ್ಚಳ. ಮೊದಲಿನ ಬಂಡಿಗಳಲ್ಲಿ ಇದನ್ನು ಬಿಚ್ಚಿ ತೊಳೆದು ಹೊಸ ಗ್ರೀಸು ತುಂಬುವ ರೂಢಿಯಿತ್ತು. ಈಗಿನವುಗಳಲ್ಲಿ ಬಹಳಷ್ಟು ಕಾರ್ಖಾನೆಯಲ್ಲಿಯೇ ಮುಚ್ಚಿ ಬಂದಿರುತ್ತವೆ. ಕೆಟ್ಟರೆ ಬದಲಾಯಿಸುವುದೇ ದಾರಿ. ರಸ್ತೆಯ ಹಳ್ಳಕ್ಕೆ ಗಾಲಿ ದಡಾರನೆ ಬಿದ್ದರೆ ಉಕ್ಕಿನ ಬಳೆಯಲ್ಲಿ ಸಣ್ಣ ತಗ್ಗು ಮೂಡುತ್ತದೆ. ನಿಂತ ಮಳೆನೀರಿನಲ್ಲಿ ಬಂಡಿ ನಡೆಸಿದರೆ ಮುಚ್ಚಳದ ಸಂದಿನಿಂದ ನೀರಿಳಿದು ಗ್ರೀಸು ಕೆಟ್ಟು ತುಕ್ಕು ಹಿಡಿಯುತ್ತದೆ. ನಮ್ಮ ಬಂಡಿಗೆ ಆದುದು ಇದೇ ಎಂದು ಮೆಕ್ಯಾನಿಕ್ಕರ ಅಭಿಪ್ರಾಯ. ಬಿಚ್ಚಿದಾಗ ಒಳಗೆ ಗ್ರೀಸಿನ ಬದಲು ಕೆಂಪು ಕೆಸರಿನಂಥದೇನೋ ಇತ್ತು.

ಟೈರಿನ ಸದ್ದಾದರೋ ರಸ್ತೆ ಬದಲಾದಂತೆ ಬದಲಾಗುತ್ತದೆ. ಒರಟು ಡಾಂಬರಿನ ಮೇಲೆ ಒಂದು ಬಗೆ, ಹೊಸದಾಗಿ ಹಾಕಿದ ನುಣ್ಣನೆಯ ರಸ್ತೆಯ ಮೇಲೆ ಬಹಳ ಕಡಿಮೆ. ಬಂಡಿಯನ್ನು ನಿಲ್ಲಿಸಿ ಟೈರಿನ ಮೈಮೇಲೆ ಅಂಗೈಯನ್ನು ಅತ್ತಿಂದಿತ್ತ ಸವರಿ ನೋಡಬೇಕು. ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಮರುದಿಕ್ಕಿನಲ್ಲಿ ಗರಗಸದ ಹಲ್ಲಿನಂತೆಯೂ ತೋರಿದರೆ, ಅಥವಾ ಅಲ್ಲಲ್ಲಿ ತಗ್ಗುದಿಣ್ಣೆಗಳಿದ್ದರೆ, ಸದ್ದಿನ ಮೂಲ ಅಲ್ಲಿಯೇ ಇರುವ ಸಂಭವ ಹೆಚ್ಚು. ಗಾಲಿಗಳ ಅಲೈನ್‌ಮೆಂಟು ತಪ್ಪಿರುವುದು, ಶಾಕ್ ಅಬ್ಸಾರ್ಬರುಗಳು ಸೋತಿರುವುದು ಇದಕ್ಕೆ ಕಾರಣ. ಅವನ್ನು ಸರಿಪಡಿಸದೆ ಹೊಸ ಟೈರು ಹಾಕಿಸಿದರೆ ಅದಕ್ಕೂ ಅದೇ ಗತಿ. ಮುಂದಿನ ಗಾಲಿಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಸಿ ನೋಡುವುದು ಅಗ್ಗವಾದ ಪರೀಕ್ಷೆ. ಸದ್ದು ಗಾಲಿಯ ಜೊತೆಯಲ್ಲಿ ಸ್ಥಳ ಬದಲಾಯಿಸಿದರೆ ಅದು ಟೈರಿನದು. ಇದ್ದಲ್ಲಿಯೇ ಉಳಿದರೆ ಬೇರಿಂಗಿನದು. ಇಷ್ಟನ್ನು ನಾವು ಮೊದಲೇ ಮಾಡಿಸಿದ್ದರೆ ನಾಲ್ಕು ಟೈರುಗಳ ಬೆಲೆ ಉಳಿಯುತ್ತಿತ್ತು.

ಉಪ್ಪಿನಂಗಡಿಯಲ್ಲಿ ನಡೆದ ಪರೀಕ್ಷೆಯನ್ನೂ ಹೇಳಿಬಿಡುತ್ತೇವೆ. ನಮ್ಮದು ಮುಂದಿನ ಗಾಲಿಗಳ ಬಲದಿಂದ ನಡೆಯುವ ಬಂಡಿ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಗೇರಿನಲ್ಲಿ ನಿಲ್ಲಿಸಿ, ಕೈಬ್ರೇಕನ್ನು ಬಿಟ್ಟು, ಹಿಂದಿನ ಬಲಗಾಲಿಯನ್ನು ಜಾಕಿಯಿಂದ ಎತ್ತಿ ಕೆಳಗೆ ಗಟ್ಟಿಯಾದ ಆಧಾರವನ್ನಿಟ್ಟರು. (ಜಾಕಿಯೊಂದನ್ನೇ ನಂಬಿ ಬಂಡಿಯಡಿಗೆ ತಲೆ ಹಾಕುವವರನ್ನು ಕಂಡರೆ ಆ ಹಿರಿಯರಿಗೆ ಸಿಟ್ಟು ಬರುತ್ತದಂತೆ, ನ್ಯಾಯವೇ.) ಗಾಲಿಯನ್ನು ಕೈಯಿಂದ ತಿರುಗಿಸಿ, ಮತ್ತೊಂದು ಕೈಯ ಬೆರಳುಗಳನ್ನು ಸ್ಪ್ರಿಂಗಿನ ಮೇಲಿಡಲು ಹೇಳಿದರು. ಮರಳು ಅರೆದಂತೆ ಒಂದು ನಡುಕ ಬೆರಳಿಗೆ ಸ್ಪಷ್ಟವಾಗಿ ತಾಕಿತು. ಎಡಗಾಲಿಯಲ್ಲಿ ಅದಿರಲಿಲ್ಲ. ಬಳಿಕ ಬಲಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ, ಟಕ್ ಟಕ್ ಎಂದು ಸಡಿಲವಾಗಿ ಆಡಿತು.

ಮಂಗಳೂರಿಗೆ ಇನ್ನು ಸುಮಾರು 50 ಕಿಲೋಮೀಟರು. ಮೆಲ್ಲಗೆ ಹೋಗಿಬಿಡೋಣವೇ ಎಂದು ಕೇಳಿದೆವು. ಅವರು ನಮ್ಮ ತಾಯಿಯವರನ್ನು ತೋರಿಸಿ, “ಅಮ್ಮನವರನ್ನು ಕೂರಿಸಿಕೊಂಡೇ?” ಎಂದು ಮಾತ್ರ ಕೇಳಿದರು. ಬರಿಯ ಸದ್ದಿನ ಹಂತದಲ್ಲಿರುವ ಬೇರಿಂಗು ಕೆಲವು ದಿನ ನಡೆದೀತು; ಗಾಲಿ ಆಡತೊಡಗಿದ ಮೇಲೆ ಅದು ಯಾವಾಗ ಬಿಗಿದುಕೊಳ್ಳುವುದೋ, ಯಾವಾಗ ಒಡೆಯುವುದೋ ಯಾರೂ ಹೇಳಲಾರರು. ಹೊಸ ಬೇರಿಂಗನ್ನು ಮಂಗಳೂರಿನಿಂದ ಬಸ್ಸಿನಲ್ಲಿ ತರಿಸಿದರು. ಹಾಕಿ ಮುಗಿಯುವಾಗ ದೀಪ ಹೊತ್ತಿಸುವ ಸಮಯವಾಗಿತ್ತು.

ಊರು ಬಿಟ್ಟು ಸ್ವಲ್ಪ ದೂರ ಹೋಗುವವರೆಗೆ ಬಂಡಿಯಲ್ಲಿ ಯಾರೂ ಮಾತಾಡಲಿಲ್ಲ. ಎಲ್ಲರೂ ಕಿವಿಗೊಟ್ಟು ಕುಳಿತಿದ್ದರು. ಕಡೆಗೆ ಹಿಂದಿನಿಂದ ತಾಯಿಯವರೇ, “ಬೀಸಿ ಆಯಿತೆಂದು ಕಾಣುತ್ತದೆ, ಇನ್ನು ಹೋಗೋ” ಎಂದರು.