ಒಂದೇ ಗೆರೆ, ದಿನಕ್ಕೊಂದು ಉತ್ತರ

ಪರದೆಯ ಮೇಲೆ ಒಂದು ಓರೆಗೆರೆಯನ್ನು ಮತ್ತೆ ಮತ್ತೆ ತೋರಿಸುತ್ತಾ, ಬೆಕ್ಕಿನ ಮಿದುಳಿನ ದೃಷ್ಟಿಭಾಗದ ಒಂದೇ ನರಕೋಶದ ಮಿಡಿತಗಳನ್ನು ಎಣಿಸಿದರೆ ಲೆಕ್ಕ ಎಂದೂ ತಾಳೆಯಾಗುವುದಿಲ್ಲ. ಒಮ್ಮೆ ಹತ್ತು ಮಿಡಿತ ಬಂದರೆ, ಅದೇ ಗೆರೆಗೆ ಮುಂದಿನ ಸಲ ನಾಲ್ಕೇ ಬರಬಹುದು. ಇದನ್ನು ಗದ್ದಲವೆಂದು ಕರೆದು, ಸರಾಸರಿ ತೆಗೆದು ಮುಂದೆ ಸಾಗುವುದು ಬಹುಕಾಲದ ರೂಢಿ. ಆದರೆ ಈ ಏರುಪೇರು ಹುಟ್ಟುವುದೆಲ್ಲಿ ಎಂದು ಪಟ್ಟುಹಿಡಿದು ಕೇಳಿದವರಿಗೇ ಮಿದುಳು ತನ್ನ ಗುಟ್ಟುಗಳನ್ನು ಹೆಚ್ಚು ಬಿಟ್ಟುಕೊಟ್ಟಿದೆ.

ಒಂದಿಷ್ಟು ಪಾಲು ಬೆಳಕಿನದೇ. ತೀರಾ ಮಂದ ಬೆಳಕಿನಲ್ಲಿ ಫೋಟಾನುಗಳು ಮಳೆ ಶುರುವಾಗುವಾಗಿನ ಹನಿಗಳಂತೆ ಅಲ್ಲೊಂದು ಇಲ್ಲೊಂದು ಬೀಳುತ್ತವೆ. ಒಂದೇ ಮಿಣುಕು ಒಮ್ಮೆ ಕಂಡು ಇನ್ನೊಮ್ಮೆ ಕಾಣದಿರುವುದಕ್ಕೆ ಈ ಅನಿಶ್ಚಿತತೆಯೇ ಮುಖ್ಯ ಕಾರಣವೆಂದು 1942ರಲ್ಲಿ ಹೆಕ್ಟ್, ಶ್ಲೇರ್ ಮತ್ತು ಪಿರೆನ್ ವಾದಿಸಿದರು.

ಹಾಗಾದರೆ ನರಕೋಶ ತಾನೇ ಎಡವುವುದಿಲ್ಲವೇ? 1995ರಲ್ಲಿ ಮೈನೆನ್ ಮತ್ತು ಸೆಜ್ನೋವ್‌ಸ್ಕಿ ಇಲಿಯ ಮಿದುಳಿನ ತೆಳು ಹೋಳಿನಲ್ಲಿದ್ದ ಕೋಶಗಳಿಗೆ ನೇರವಾಗಿ ವಿದ್ಯುತ್ ಹರಿಸಿ ನೋಡಿದರು. ಒಂದೇ ಮಟ್ಟದ ವಿದ್ಯುತ್ ಕೊಟ್ಟಾಗ ಮೊದಲ ಮಿಡಿತಗಳು ಸರಿಯಾಗಿದ್ದು, ಹೋಗುತ್ತಾ ಹೋಗುತ್ತಾ ದಾರಿ ತಪ್ಪಿದವು. ಮಿದುಳಿನೊಳಗೆ ನಿಜವಾಗಿ ಇರುವಂತೆ ಏರಿಳಿಯುವ ವಿದ್ಯುತ್ ಕೊಟ್ಟಾಗಲಾದರೋ, ಪ್ರತಿ ಸಲವೂ ಮಿಡಿತಗಳು ಮಿಲಿಸೆಕೆಂಡಿನಷ್ಟೂ ಆಚೀಚೆಯಾಗದೆ ಅದೇ ಗಳಿಗೆಗೆ ಬಿದ್ದವು. ಅಂದರೆ ಮಿಡಿತ ಹುಟ್ಟಿಸುವ ಯಂತ್ರ ನಂಬಿಕಸ್ಥವೇ. ಕೋಶದಿಂದ ಕೋಶಕ್ಕೆ ಸುದ್ದಿ ದಾಟುವ ಸಂಧಿಗಳ ಬಗ್ಗೆ ಆ ಮಾತು ಹೇಳುವಂತಿಲ್ಲ: ಸಂಕೇತ ಬಂದಾಗಲೆಲ್ಲ ಅಲ್ಲಿ ರಾಸಾಯನಿಕ ಬಿಡುಗಡೆಯಾಗುತ್ತದೆಂಬ ಖಾತ್ರಿಯಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದಿರುವುದು ಇದರ ಮುಂದಿನ ಕಥೆ. ಗೆರೆ ಬರುವ ಮೊದಲೂ ಮಿದುಳು ಸುಮ್ಮನಿರುವುದಿಲ್ಲ. 1996ರಲ್ಲಿ ಅರಿಯೆಲಿ, ಗ್ರಿನ್ವಾಲ್ಡ್ ಮತ್ತು ಸಂಗಡಿಗರು ಬೆಕ್ಕಿನ ಮಿದುಳಿನಲ್ಲಿ ಆಗಲೇ ಓಡುತ್ತಿದ್ದ ಚಟುವಟಿಕೆಯನ್ನು ಸರಾಸರಿ ಉತ್ತರಕ್ಕೆ ಕೂಡಿಸಿ, ಆ ಸಲದ ಉತ್ತರ ಹೇಗಿರಬಹುದೆಂದು ಬಹುಮಟ್ಟಿಗೆ ಮುಂಚೆಯೇ ಊಹಿಸಿದರು. 2010ರಲ್ಲಿ ನೀಲ್ ಮತ್ತು ಸ್ಟ್ರೈಕರ್, ಗಾಳಿಯ ಒತ್ತಡದಲ್ಲಿ ತೇಲುವ ಥರ್ಮೋಕೋಲ್ ಚೆಂಡಿನ ಮೇಲೆ ಇಲಿಗಳನ್ನು ನಿಲ್ಲಿಸಿದರು. ಇಲಿ ಓಡತೊಡಗಿದರೆ ಸಾಕು, ಅದೇ ಚಿತ್ರಕ್ಕೆ ದೃಷ್ಟಿಕೋಶಗಳ ಉತ್ತರ ಎರಡು ಪಟ್ಟಿಗೂ ಮೀರಿ ಏರುತ್ತಿತ್ತು; ಯಾವ ಕೋನದ ಗೆರೆ ಇಷ್ಟವೆಂಬ ಕೋಶದ ಆಯ್ಕೆ ಮಾತ್ರ ಬದಲಾಗಲಿಲ್ಲ.

ಕಾಲಿನ ಓಟವನ್ನಷ್ಟೇ ಲೆಕ್ಕಕ್ಕಿಟ್ಟರೆ ಸಾಲದೆಂಬುದು 2019ರ ಹೊತ್ತಿಗೆ ಸ್ಪಷ್ಟವಾಯಿತು. ಇಲಿಯ ಮುಖದತ್ತ ಕ್ಯಾಮೆರಾ ತಿರುಗಿಸಿ, ಮೀಸೆಯ ಅಲುಗಾಟ, ಮೂಗಿನ ಮಿಡುಕಾಟಗಳನ್ನು ದಾಖಲಿಸಿದಾಗ, ಕಣ್ಣೆದುರು ಏನೂ ಇಲ್ಲದ ಕತ್ತಲಲ್ಲೂ ದೃಷ್ಟಿಭಾಗದ ಸಾವಿರಾರು ಕೋಶಗಳ ಏರಿಳಿತದ ದೊಡ್ಡ ಪಾಲು ಆ ಚಲನೆಗಳಿಗೆ ಹೊಂದಿಕೊಂಡಿತ್ತು.