ಪ್ರವಾಸಿಗರ ಕಾಲಡಿಯಲ್ಲಿ ಬದುಕುವವರು

ದಸರಾ ರಜೆಯಿಂದ ಹಿಡಿದು ಮೇ ತಿಂಗಳ ಕೊನೆಯವರೆಗೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಕಡಲತೀರಕ್ಕೆ ಬಿಡುವೆಂಬುದಿಲ್ಲ. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುವ ಮರವಂತೆಯಲ್ಲಿ ವಾರಾಂತ್ಯಕ್ಕೆ ಕಾರು ನಿಲ್ಲಿಸಲು ಜಾಗ ಹುಡುಕಬೇಕು. ತ್ರಾಸಿ, ಕುಂದಾಪುರದ ಕೋಡಿ, ಬೈಂದೂರಿನ ಸೋಮೇಶ್ವರ, ಬ್ರಹ್ಮಾವರ ಕಡೆಯ ಕೋಡಿ ಬೆಂಗ್ರೆ, ಎಲ್ಲೆಲ್ಲೂ ಜನ. ಜನ ಹೆಚ್ಚಿದಂತೆ ಪ್ಲಾಸ್ಟಿಕ್, ಪಾರ್ಕಿಂಗ್, ನೀರಿಗಿಳಿದವರ ಸುರಕ್ಷತೆ ಚರ್ಚೆಗೆ ಬರುತ್ತವೆ, ಬರಲೇಬೇಕು. ಆದರೆ ಈ ಚರ್ಚೆಯಲ್ಲಿ ಹೆಸರೇ ಕೇಳಿಬಾರದ ಒಂದು ದೊಡ್ಡ ಸಮುದಾಯ ಅದೇ ತೀರದಲ್ಲಿದೆ. ಮರಳಿನೊಳಗೆ, ಬಂಡೆಯ ಸಂದಿಯಲ್ಲಿ, ಅಳಿವೆಯ ಕೆಸರಿನಲ್ಲಿ, ಹವಳದ ನಡುವೆ ಬದುಕುವ ತಳಜೀವಿಗಳ ಸಮುದಾಯ ಅದು.

ಪ್ರವಾಸೋದ್ಯಮದಿಂದ ಈ ಜೀವಿಗಳಿಗೆ ಏನಾಗುತ್ತದೆ ಎಂಬುದನ್ನು ಜಗತ್ತಿನ ಹಲವು ಸಾಗರ ಉದ್ಯಾನಗಳಲ್ಲಿ ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಅವರ ಕೆಲಸದಿಂದ ನಮಗೆ ಸಿಗುವ ಮುಖ್ಯ ಪಾಠ ಇದು: ಬಲೆಯಿಂದ ರಕ್ಷಿಸಿದ ಮಾತ್ರಕ್ಕೆ ಕಡಲತಳವನ್ನು ಕಾಲಿನಿಂದಲೂ ಲಂಗರಿನಿಂದಲೂ ರಕ್ಷಿಸಿದಂತಾಗುವುದಿಲ್ಲ.

ತಳದಲ್ಲಿ ಯಾರಿದ್ದಾರೆ?

ಸೀತಾ ಮತ್ತು ಸುವರ್ಣಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರು ಸರಿದು ಕೆಸರು ಮರಳು ತೆರೆದುಕೊಳ್ಳುತ್ತದೆ. ಬಗ್ಗಿ ನೋಡಿದರೆ ಅಲ್ಲಲ್ಲಿ ಪಕ್ಕಪಕ್ಕದಲ್ಲಿ ಎರಡು ಸಣ್ಣ ತೂತುಗಳು ಕಾಣುತ್ತವೆ. ಅವುಗಳ ಕೆಳಗೆ ಮರುವಾಯಿ ಹುದುಗಿದೆ. ಅದು ಒಂದು ನಳಿಕೆಯಿಂದ ನೀರನ್ನು ಒಳಗೆಳೆದುಕೊಂಡು, ಅದರಲ್ಲಿನ ಸೂಕ್ಷ್ಮ ಪಾಚಿಯನ್ನು ಸೋಸಿ ತಿಂದು, ಇನ್ನೊಂದರಿಂದ ನೀರನ್ನು ಹೊರಬಿಡುತ್ತದೆ. ಚಿಪ್ಪು ಹೆಕ್ಕುವ ಹೆಂಗಸರು ಈ ಗುರುತು ನೋಡಿಯೇ ಕೈಹಾಕುತ್ತಾರೆ. ಮರುವಾಯಿ, ಪಚ್ಚಿಲೆ, ಸಿಂಪಿಗಳೆಲ್ಲ ಹೀಗೆ ನೀರು ಸೋಸಿಯೇ ಬದುಕುವಂಥವು. ಬಲಿತ ಒಂದು ಪಚ್ಚಿಲೆ ಗಂಟೆಗೆ ಒಂದೆರಡು ಲೀಟರ್ ನೀರನ್ನು ಸೋಸಬಲ್ಲದು. ಅಳಿವೆಯ ನೀರು ತಿಳಿಯಾಗಿರುವುದರಲ್ಲಿ ಇವುಗಳ ಪಾಲು ಬಹಳ.

ಮರುವಾಯಿಯ ಸುತ್ತ ಇನ್ನೂ ಸಣ್ಣವರಿದ್ದಾರೆ. ವಿಜ್ಞಾನಿಗಳು ತಳದ ಮಣ್ಣನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಮೇಲೆ ಉಳಿದ ಜೀವಿಗಳನ್ನು ಎಣಿಸುತ್ತಾರೆ. ಮೈತುಂಬ ಬಿರುಗೂದಲಿರುವ ಕಡಲಹುಳುಗಳು, ಸೀಗಡಿಯ ನೆಂಟರಾದ ಪುಟ್ಟ ಆಂಫಿಪಾಡ್‌ಗಳು, ಎಳೆಯ ಚಿಪ್ಪುಗಳು, ಶಂಖದ ಮರಿಗಳು ಅದರಲ್ಲಿ ಸಿಗುತ್ತವೆ. ಜರಡಿಯಿಂದ ಜಾರಿಹೋಗುವ, ಮರಳಿನ ಕಣಗಳ ನಡುವೆಯೇ ವಾಸಿಸುವ ಜೀವಿಗಳು ಒಂದು ಬೊಗಸೆ ಒದ್ದೆ ಮರಳಿನಲ್ಲಿ ನೂರಾರು ಇರುತ್ತವೆ. ಕೊಳೆತ ಎಲೆ, ಪಾಚಿಯನ್ನು ಇವು ತಿನ್ನುತ್ತವೆ. ಇವನ್ನು ಮೀನು ತಿನ್ನುತ್ತದೆ. ನಮ್ಮ ಊಟದ ತಟ್ಟೆಗೆ ಬರುವ ಕಾಣೆ ಮತ್ತು ನಂಗು ಎರಡೂ ತಳದ ಹುಳುಗಳನ್ನೂ ಸಣ್ಣ ಕಠಿಣಚರ್ಮಿಗಳನ್ನೂ ತಿಂದು ಬೆಳೆಯುವ ಮೀನುಗಳು. ತಳ ಬರಿದಾದರೆ ಅದರ ಪರಿಣಾಮ ಅಡುಗೆಮನೆವರೆಗೂ ಬರುತ್ತದೆ.

ನೇತ್ರಾಣಿ ಮತ್ತು ಹವಳದ ಪಾಠ

ಬೈಂದೂರು ತಾಲ್ಲೂಕಿನ ಗಡಿ ದಾಟಿದರೆ ಭಟ್ಕಳ. ಅಲ್ಲಿಯ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಕಡಲ ನಡುವೆ ನೇತ್ರಾಣಿ ದ್ವೀಪವಿದೆ. ಕರ್ನಾಟಕದಲ್ಲಿ ಹವಳವನ್ನು ಕಣ್ಣಾರೆ ಕಾಣಬಯಸುವವರು ಹೋಗುವುದು ಇಲ್ಲಿಗೇ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ಯಲ್ಲಿ ನೇತ್ರಾಣಿಯ ನೀರಡಿಯ ಲೋಕವನ್ನು ಲಕ್ಷಾಂತರ ಕನ್ನಡಿಗರು ನೋಡಿದರು. ಮಳೆಗಾಲ ಮುಗಿದ ಮೇಲೆ ಇಲ್ಲಿ ಸ್ಕೂಬಾ ಡೈವಿಂಗ್ ಶುರುವಾಗುತ್ತದೆ. ಬರುವವರಲ್ಲಿ ಹೆಚ್ಚಿನವರಿಗೆ ಅದೇ ಮೊದಲ ಮುಳುಗು. ಈಜು ಬಾರದವರೂ ಇರುತ್ತಾರೆ.

ಹವಳ ನೋಡಲು ಕಲ್ಲಿನಂತಿದ್ದರೂ ಜೀವಿ. ಮೇಲ್ಪದರದಲ್ಲಿ ಸಾವಿರಾರು ಪುಟ್ಟ ಪ್ರಾಣಿಗಳು ಒತ್ತೊತ್ತಾಗಿ ಕೂತಿರುತ್ತವೆ. ಕೆಳಗಿರುವುದು ಅವು ಕಟ್ಟಿದ ಸುಣ್ಣದ ಗೂಡು. ನಮ್ಮ ಕರಾವಳಿಯಲ್ಲಿ ಸಿಗುವ ಪೋರೈಟಿಸ್‌ನಂಥ ಗುಂಡು ಹವಳ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆಯ ತಪ್ಪಿದ ಹೊಸಬ ಅದನ್ನು ಹಿಡಿದುಕೊಂಡರೆ ಆ ತೆಳು ಪದರ ಉಜ್ಜಿಹೋಗುತ್ತದೆ. ಗಾಯದಲ್ಲಿ ಪಾಚಿ ಬೆಳೆಯುತ್ತದೆ, ರೋಗ ಹತ್ತುತ್ತದೆ. ಕಾಲಿಗೆ ಕಟ್ಟಿದ ರೆಕ್ಕೆ ಬೀಸಿದಾಗ ಎದ್ದ ಮರಳು ಅಕ್ಕಪಕ್ಕದ ಹವಳಗಳ ಮೇಲೆ ಕೂರುತ್ತದೆ. ಅದನ್ನು ಲೋಳೆ ಸುರಿಸಿ ತೊಳೆದುಕೊಳ್ಳಲು ಹವಳ ತನ್ನ ಶಕ್ತಿಯನ್ನು ಖರ್ಚು ಮಾಡಬೇಕು.

ಲಂಗರಿನ ಹಾನಿ ಇದಕ್ಕಿಂತ ದೊಡ್ಡದು. ಲಂಗರು ಬಿದ್ದ ಜಾಗದಲ್ಲಿ ಹವಳ ಒಡೆಯುವುದು ಒಂದು. ಗಾಳಿಗೆ ದೋಣಿ ತಿರುಗಿದಂತೆ ಸರಪಣಿ ಸುತ್ತಲಿನ ತಳವನ್ನು ಅಂಗಳ ಗುಡಿಸಿದ ಹಾಗೆ ಗುಡಿಸುವುದು ಇನ್ನೊಂದು. ಈ ಕಾರಣಕ್ಕೇ ಅನೇಕ ಸಾಗರ ಉದ್ಯಾನಗಳಲ್ಲಿ ತಳಕ್ಕೆ ಒಮ್ಮೆ ಭದ್ರವಾಗಿ ಕಟ್ಟಿದ ತೇಲುಬುರುಡೆಗಳಿವೆ. ದೋಣಿಗಳು ಲಂಗರು ಹಾಕದೆ ಅವಕ್ಕೇ ಹಗ್ಗ ಬಿಗಿಯುತ್ತವೆ.

ಮಹಾರಾಷ್ಟ್ರದ ಮಾಲ್ವಣ ಸಾಗರ ಅಭಯಾರಣ್ಯ 1987ರಲ್ಲಿ ಘೋಷಣೆಯಾದದ್ದು. ಅಲ್ಲಿ ಮನರಂಜನೆಯ ಡೈವಿಂಗ್‌ನಿಂದ ಹವಳಕ್ಕೆ ಆಗುತ್ತಿರುವ ಹಾನಿಯನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿ 2020ರಲ್ಲಿ ಪ್ರಕಟಿಸಿದರು. ಕಾಗದದ ಮೇಲೆ ರಕ್ಷಿತವಾಗಿದ್ದ ಜಾಗದಲ್ಲೇ ಈ ಹಾನಿ ಆಗಿತ್ತು. ಕರ್ನಾಟಕಕ್ಕೂ ಈಗ ಹೊನ್ನಾವರದ ಅಪ್ಸರಕೊಂಡ–ಮುಗಳಿಯಲ್ಲಿ ಮೊದಲ ಸಾಗರ ವನ್ಯಜೀವಿ ಧಾಮ ಸಿಕ್ಕಿದೆ. ಮಾಲ್ವಣದ ಅನುಭವ ನಮಗೆ ಎಚ್ಚರಿಕೆಯಾಗಬೇಕು.

ಎಷ್ಟು ಜನ ಬಂದರೆ ಅತಿಯಾಯಿತು? ಈಜಿಪ್ಟಿನ ಕೆಂಪು ಸಮುದ್ರ ಮತ್ತಿತರ ಕಡೆಗಳ ಮಾಹಿತಿಯಿಂದ ಸಾಗರ ವಿಜ್ಞಾನಿಗಳಾದ ಜೂಲಿ ಹಾಕಿನ್ಸ್ ಮತ್ತು ಕ್ಯಾಲಮ್ ರಾಬರ್ಟ್ಸ್ 1997ರಲ್ಲಿ ಒಂದು ಅಂದಾಜು ಕೊಟ್ಟರು: ಒಂದು ತಾಣದಲ್ಲಿ ವರ್ಷಕ್ಕೆ 5,000ದಿಂದ 6,000 ಮುಳುಗುಗಳವರೆಗೆ ಹವಳ ತಡೆದುಕೊಳ್ಳಬಹುದು, ಮೀರಿದರೆ ಹಾನಿ ಬೇಗ ಏರುತ್ತದೆ. ಎಲ್ಲ ಕಡೆಗೂ ಈ ಸಂಖ್ಯೆಯೇ ಹೊಂದುತ್ತದೆ ಎನ್ನುವಂತಿಲ್ಲ. ಒಂದು ಮಿತಿ ಇದೆ ಎಂಬುದು ಮುಖ್ಯ. ಅದೇ ವರ್ಷ ಪ್ರಕಟವಾದ ಈಜಿಪ್ಟಿನ ರಾಸ್ ಮೊಹಮ್ಮದ್ ರಾಷ್ಟ್ರೀಯ ಉದ್ಯಾನದ ಇನ್ನೊಂದು ಅಧ್ಯಯನ ಭರವಸೆ ಹುಟ್ಟಿಸುವಂಥದ್ದು. ಮುಳುಗುವ ಮೊದಲು ಹವಳದ ಬಗ್ಗೆ ಸ್ವಲ್ಪ ಹೊತ್ತು ತಿಳಿಹೇಳಿದ್ದಕ್ಕೇ ಜನ ಹವಳವನ್ನು ಮುಟ್ಟುವುದು ಮೂರನೇ ಒಂದು ಭಾಗದಷ್ಟಕ್ಕೆ ಇಳಿಯಿತು. ಇದಕ್ಕೆ ಹೆಚ್ಚು ಹಣ ಬೇಕಿಲ್ಲ, ಒಂದಿಷ್ಟು ಸಮಯ ಸಾಕು.

ಬಂಡೆ ಮತ್ತು ಪಾದ

ಬೈಂದೂರಿನ ಸೋಮೇಶ್ವರದಲ್ಲಿ ದೇವಸ್ಥಾನದ ಪಕ್ಕದಲ್ಲೇ ಬಂಡೆಗಳು ಕಡಲಿಗಿಳಿದಿವೆ. ಇಂಥ ಬಂಡೆಗಳಲ್ಲಿ ಇಳಿತದ ವೇಳೆ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ಬಂಡೆಗೆ ಕಚ್ಚಿಕೊಂಡ ಬಾರ್ನಕಲ್, ಸಿಂಪಿ, ಟೋಪಿಯಾಕಾರದ ಲಿಂಪೆಟ್, ಪಾಚಿಯ ಹಾಸಿನೊಳಗೆ ಹುಳು, ಏಡಿಮರಿಗಳು ಅಲ್ಲಿನ ವಾಸಿಗಳು. ಪ್ರವಾಸಿ ಒಬ್ಬ ಹತ್ತಿ ಒಂದು ಫೋಟೋ ತೆಗೆದರೆ ಏನೂ ಆಗದು; ಒಂದೇ ಬಂಡೆಯನ್ನು ದಿನಕ್ಕೆ ನೂರಾರು ಜನ ತುಳಿದರೆ ಆಗುತ್ತದೆ. ನ್ಯೂಜಿಲ್ಯಾಂಡಿನ ಲೀ ಎಂಬಲ್ಲಿ ಮೀನುಗಾರಿಕೆ ಸಂಪೂರ್ಣ ನಿಷಿದ್ಧವಾಗಿರುವ ಸಾಗರ ಮೀಸಲು ಪ್ರದೇಶವಿದೆ. ಅಲ್ಲಿನ ಪಾಚಿಹಾಸಿನ ಮೇಲೆ ಲೆಕ್ಕವಿಟ್ಟು ನಡೆದು ಪ್ರಯೋಗ ಮಾಡಿದವರು, ಕೆಲವೇ ಹೆಜ್ಜೆಗಳಿಗೂ ಅದರೊಳಗಿನ ಪ್ರಾಣಿಗಳ ಸಂಖ್ಯೆ ಕುಸಿಯುವುದನ್ನು 1999ರಲ್ಲಿ ವರದಿ ಮಾಡಿದರು.

ಕಲ್ಲು ಮಗುಚುವುದೂ ಹಾಗೆಯೇ. ಕಲ್ಲಿನ ಮೇಲ್ಮೈ ಬಿಸಿಲಿಗೆ ಹೊಂದಿಕೊಂಡ ಜೀವಿಗಳದ್ದು, ಅಡಿಭಾಗ ನೆರಳು ತೇವ ಬೇಡುವ ಸ್ಪಂಜು, ಹುಳು, ನಕ್ಷತ್ರಮೀನಿನ ಬಳಗದವರದ್ದು. ಮಕ್ಕಳು ಕುತೂಹಲಕ್ಕೆ ಕಲ್ಲೆತ್ತಿ ನೋಡುವುದು ಒಳ್ಳೆಯದೇ. ನೋಡಿದ ಮೇಲೆ ಇದ್ದ ಹಾಗೆಯೇ ಇಡದಿದ್ದರೆ ಕೆಳಗಿನವು ಬಿಸಿಲಿಗೆ ಒಣಗಿ ಸಾಯುತ್ತವೆ, ಮೇಲಿನವು ಅಡಿಯಲ್ಲಿ ಉಸಿರುಕಟ್ಟಿ ಸಾಯುತ್ತವೆ.

ಮರಳಿನ ಲೆಕ್ಕ

ಕುಂದಾಪುರದ ಕೋಡಿಯ ತೀರದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಅರಣ್ಯ ಇಲಾಖೆ, ಮೀನುಗಾರರು, ಸ್ವಯಂಸೇವಕರು ಸೇರಿ ಆ ಗೂಡುಗಳನ್ನು ಕಾಯುವುದು ಹೆಮ್ಮೆಯ ಸಂಗತಿ. ಅದೇ ಮರಳಿನಲ್ಲಿ ಬಿಲ ತೋಡಿ ವಾಸಿಸುವ ಮರಳೇಡಿಗೆ ಕಾವಲಿಲ್ಲ. ಕಂಬದ ತುದಿಯಲ್ಲಿ ಕಣ್ಣಿರುವ, ಹೆಜ್ಜೆ ಸಪ್ಪಳಕ್ಕೆ ಮಿಂಚಿನಂತೆ ಮಾಯವಾಗುವ ಈ ಏಡಿ ಹಗಲು ಹೆಚ್ಚಾಗಿ ಬಿಲದಲ್ಲಿದ್ದು ರಾತ್ರಿ ಹೊರಬರುತ್ತದೆ; ಸತ್ತ ಮೀನು, ಕೊಳೆತ ಪಾಚಿ ತಿಂದು ತೀರವನ್ನು ಚೊಕ್ಕಟ ಮಾಡುತ್ತದೆ. ಬಿಲಗಳನ್ನು ಎಣಿಸಿದರೆ ಆ ತೀರದ ಮೇಲೆ ಮನುಷ್ಯರ ಒತ್ತಡ ಎಷ್ಟಿದೆ ಎಂದು ಅಂದಾಜಿಸಬಹುದು. ಹಲವು ದೇಶಗಳ ಇಂಥ ಎಣಿಕೆಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆ, ಜನ, ವಾಹನ, ಕಟ್ಟಡ ಹೆಚ್ಚಿದಲ್ಲಿ ಈ ಏಡಿಗಳು ಕಡಿಮೆಯಾಗುವುದನ್ನು ತೋರಿಸಿತು.

ಮರಳಿನ ಮೇಲೆ ಓಡುವ ವಾಹನ ಇವುಗಳ ಪಾಲಿಗೆ ದೊಡ್ಡ ಶತ್ರು. ಆಸ್ಟ್ರೇಲಿಯಾದ ಪ್ರಯೋಗಗಳಲ್ಲಿ 30 ಸೆಂಟಿಮೀಟರ್ ಆಳದ ಬಿಲದಲ್ಲಿದ್ದ ಏಡಿಗಳು ಉಳಿದುಕೊಂಡವು. ಮೇಲ್ಪದರದ ಬಿಲಗಳಲ್ಲಿದ್ದವುಗಳಲ್ಲಿ ಹಲವು ಚಕ್ರದಡಿ ಸತ್ತವು. ಮರಿಗಳ ಬಿಲ ಆಳವಿರುವುದಿಲ್ಲ. ರಾತ್ರಿ ಹೊತ್ತು ಜೀಪು, ಬೈಕು ಓಡಿಸಿದರೆ ಹೊರಗೆ ತಿರುಗುವ ದೊಡ್ಡವೂ ಸಿಕ್ಕಿಬೀಳುತ್ತವೆ.

ಸ್ವಚ್ಛತೆಯ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಪ್ಲಾಸ್ಟಿಕ್, ಗಾಜು ಹೆಕ್ಕಲೇಬೇಕು. ಅಲೆ ತಂದುಹಾಕುವ ಪಾಚಿ, ಮರದ ಚೂರು, ಚಿಪ್ಪು ಕಸವಲ್ಲ. ಅದು ತೀರದ ಜೀವಿಗಳ ಊಟ, ಮನೆ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಕಡಲತೀರಗಳು 2020ರಲ್ಲಿ ಪಡೆದ ಬ್ಲೂ ಫ್ಲ್ಯಾಗ್ ಮಾನ್ಯತೆಯ ನಿಯಮಗಳೇ ಪಾಚಿಯಂಥ ನೈಸರ್ಗಿಕ ವಸ್ತುಗಳನ್ನು ತೀರದಲ್ಲಿ ಬಿಡಬೇಕೆನ್ನುತ್ತವೆ. ಸ್ಪೇನಿನ ಒಂದು ಕಡಲತೀರದಲ್ಲಿ ಮೂವತ್ತು ವರ್ಷಗಳ ಅಂತರದಲ್ಲಿ ಪ್ರವಾಸಿಗರು ಸುಮಾರು ಮೂರು ಪಟ್ಟು ಹೆಚ್ಚಿದರೆ, ಚಿಪ್ಪುಗಳು ಶೇ 60ಕ್ಕೂ ಹೆಚ್ಚು ಕಡಿಮೆಯಾಗಿದ್ದವು ಎಂದು 2014ರ ಅಧ್ಯಯನ ಹೇಳಿತು. ಖಾಲಿ ಶಂಖವನ್ನೇ ಮನೆ ಮಾಡಿಕೊಳ್ಳುವ ಸನ್ಯಾಸಿ ಏಡಿಗೆ ನಾವು ಜೇಬಿಗಿಳಿಸುವ ಪ್ರತಿಯೊಂದು ಶಂಖವೂ ಒಂದು ಮನೆ.

ಸಾಲಿಗ್ರಾಮದ ಪಾರಂಪಳ್ಳಿ ಬಳಿಯ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ನಡೆಸುವುದು ಈಗ ಜನಪ್ರಿಯ. ಹುಟ್ಟು ಹಾಕಿ ಸಾಗುವ ಕಯಾಕ್‌ನಿಂದ ತಳಕ್ಕೆ ಹೆಚ್ಚಿನ ತೊಂದರೆಯಿಲ್ಲ. ಅದೇ ಆಳವಿಲ್ಲದ ನೀರಿನಲ್ಲಿ ಮೋಟಾರು ದೋಣಿ ವೇಗವಾಗಿ ಓಡಿದರೆ ಕೆಸರು ಕದಡುತ್ತದೆ. ಸೋಸಿ ತಿನ್ನುವ ಚಿಪ್ಪುಜೀವಿಗೆ ಆಗ ಆಹಾರಕ್ಕಿಂತ ಮಣ್ಣೇ ಹೆಚ್ಚು ಸಿಗುತ್ತದೆ.

ಕಾಲವೂ ಮುಖ್ಯ

ನಿಜ, ತಳಜೀವಿಗಳಿಗೆ ಪ್ರವಾಸಿಗರೊಬ್ಬರೇ ಕಂಟಕರಲ್ಲ. ತಳ ಗೋರುವ ಟ್ರಾಲ್ ಬಲೆ, ನದಿಯ ಮರಳುಗಾರಿಕೆ, ತೀರಕ್ಕೆ ಸುರಿಯುವ ಕಲ್ಲಿನ ತಡೆಗೋಡೆಗಳು ಹೆಚ್ಚು ವಿಸ್ತಾರವಾದ ಬದಲಾವಣೆ ತರುತ್ತವೆ. ಪ್ರವಾಸದ ಹಾನಿ ಬೇರೆ ಬಗೆಯದು: ಜಾಗ ಸಣ್ಣದು, ಆದರೆ ಪೆಟ್ಟು ಅದೇ ಜಾಗಕ್ಕೆ ಮತ್ತೆ ಮತ್ತೆ ಬೀಳುತ್ತದೆ. ಆ ಜಾಗವೂ ಸಾಮಾನ್ಯವಾಗಿ ಅತ್ಯಂತ ಚೆಲುವಾದದ್ದು, ಜೀವವೈವಿಧ್ಯ ದಟ್ಟವಾದದ್ದು.

ಇದರ ಜೊತೆಗೆ ನಮ್ಮ ಕರಾವಳಿಗೆ ವಿಶೇಷವಾದ ಸಂಗತಿಯೊಂದಿದೆ. ಮಳೆಗಾಲದ ಕಡಲಬ್ಬರ ತೀರದ ಮರಳನ್ನೇ ಕೊಚ್ಚಿಕೊಂಡು ಹೋಗುತ್ತದೆ. ನೆರೆಯ ಸಿಹಿನೀರು ಅಳಿವೆಯ ಉಪ್ಪನ್ನು ಕರಗಿಸುತ್ತದೆ. ಆ ನಾಲ್ಕು ತಿಂಗಳಲ್ಲಿ ತಳಜೀವಿಗಳ ಸಂಖ್ಯೆ ತೀರಾ ಇಳಿಯುತ್ತದೆ. ಮಳೆ ನಿಂತು, ಮರಳು ಮರಳಿ ಬಂದಾಗ, ನೀರಿನಲ್ಲಿ ತೇಲುವ ಮರಿಗಳು ತಳಕ್ಕಿಳಿದು ಹೊಸ ಸಂಸಾರ ಕಟ್ಟುತ್ತವೆ. ಅಕ್ಟೋಬರಿನಿಂದ ಜನವರಿವರೆಗಿನ ಈ ಮರುಹುಟ್ಟಿನ ಕಾಲವೇ ನಮ್ಮ ಪ್ರವಾಸದ ಭರಾಟೆಯ ಕಾಲ. ಹಾಗಾಗಿ ವರ್ಷದ ಒಟ್ಟು ಪ್ರವಾಸಿಗರ ಸಂಖ್ಯೆಯಷ್ಟೇ ಸಾಲದು. ಅವರು ಯಾವ ತಿಂಗಳು, ಯಾವ ಬಂಡೆ, ಯಾವ ದಂಡೆಯ ಮೇಲೆ ನಡೆದರು ಎಂಬುದೂ ಲೆಕ್ಕಕ್ಕೆ ಬರಬೇಕು.

ವಿಶ್ರಾಂತಿ ಕೊಟ್ಟರೆ ತಳ ಚೇತರಿಸಿಕೊಳ್ಳಬಲ್ಲದು. ಥಾಯ್ಲೆಂಡಿನ ಮಾಯಾ ಕೊಲ್ಲಿಯನ್ನು ಪ್ರವಾಸಿಗರ ದಟ್ಟಣೆಯಿಂದ ನಲುಗಿದ ಕಾರಣಕ್ಕೆ 2018ರಲ್ಲಿ ಮುಚ್ಚಿದರು. ಹವಳ ನೆಟ್ಟು ಆರೈಕೆ ಮಾಡಿ, 2022ರ ಜನವರಿಯಲ್ಲಿ ತೆರೆದಾಗ ದೋಣಿಗಳು ಕೊಲ್ಲಿಯೊಳಗೆ ನುಗ್ಗದಂತೆ, ಬರುವವರ ಸಂಖ್ಯೆ ಮಿತಿ ಮೀರದಂತೆ ಕಟ್ಟುಪಾಡು ಮಾಡಿದರು.

ಮೊದಲು ಎಣಿಸೋಣ

ನಮ್ಮಲ್ಲಿ ಹೊಸ ಜಲಕ್ರೀಡೆ, ಹೊಸ ಜೆಟ್ಟಿ, ಹೊಸ ಬೀಚ್ ಅಭಿವೃದ್ಧಿ ಯೋಜನೆಗಳು ಬರುತ್ತಲೇ ಇರುತ್ತವೆ. ಕೆಲಸ ಶುರುವಾಗುವ ಮೊದಲೇ ಆ ಜಾಗದ ತಳದಲ್ಲಿ ಏನಿದೆ ಎಂದು ಎಣಿಸಬೇಕು. ಅಂಥದ್ದೇ ಇನ್ನೊಂದು, ಜನ ಹೋಗದ ಜಾಗದಲ್ಲೂ ಎಣಿಸಬೇಕು. ಕೆಲಸ ಮುಗಿದ ಮೇಲೆ ಎರಡನ್ನೂ ಮತ್ತೆ ಎಣಿಸಿದರೆ ಮಳೆಗಾಲದ ಸಹಜ ಏರಿಳಿತ ಯಾವುದು, ಪ್ರವಾಸದ ಪರಿಣಾಮ ಯಾವುದು ಎಂದು ಬೇರ್ಪಡಿಸಬಹುದು. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಪರಿಣತಿಗೆ ಕೊರತೆಯಿಲ್ಲ. ಕುಂದಾಪುರದ ಭಂಡಾರ್ಕಾರ್ಸ್‌ನಂಥ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಮೀಟರ್ ಚೌಕಟ್ಟು ಹಿಡಿದು ತಿಂಗಳಿಗೊಮ್ಮೆ ಏಡಿಬಿಲ ಎಣಿಸಿದರೂ ಕೆಲವೇ ವರ್ಷಗಳಲ್ಲಿ ಬೆಲೆಬಾಳುವ ದಾಖಲೆ ಕೈಗೆ ಬರುತ್ತದೆ.

ಆಡಳಿತ ಮಾಡಬೇಕಾದದ್ದು ಸ್ಪಷ್ಟ: ಹವಳವಿರುವಲ್ಲಿ ಲಂಗರು ನಿಷೇಧಿಸಿ ತೇಲುಬುರುಡೆ ಕಟ್ಟುವುದು, ಡೈವಿಂಗಿಗೆ ದಿನದ ಮಿತಿ ಹಾಕುವುದು, ಮರಳಿನ ಮೇಲೆ ವಾಹನ ತಡೆಯುವುದು, ಪ್ರತಿ ತೀರದಲ್ಲೂ ಒಂದಷ್ಟು ಬಂಡೆ ಮತ್ತು ದಂಡೆಯನ್ನು ಯಾರೂ ತುಳಿಯದಂತೆ ಬಿಡುವುದು. ಪ್ರವಾಸದಿಂದ ಬದುಕುವ ಸ್ಥಳೀಯರನ್ನು, ಚಿಪ್ಪು ಹೆಕ್ಕುವವರನ್ನು, ನಾಡದೋಣಿಯವರನ್ನು ಕೂರಿಸಿಕೊಂಡೇ ಈ ನಿಯಮ ಮಾಡಬೇಕು. ತಳ ಕೆಟ್ಟರೆ ಮೊದಲು ನಷ್ಟವಾಗುವುದು ಅವರಿಗೇ.

ಪ್ರವಾಸಿಯ ಪಾಲೂ ಇದೆ. ಕಡಲಿಗೆ ಬನ್ನಿ, ಮಕ್ಕಳನ್ನೂ ಕರೆತನ್ನಿ, ಇಳಿತದ ಹೊತ್ತಿಗೆ ಬಗ್ಗಿ ನೋಡಿ. ಎತ್ತಿದ ಕಲ್ಲನ್ನು ಇದ್ದ ಹಾಗೆಯೇ ಇಡಿ, ಶಂಖವನ್ನು ಅಲ್ಲೇ ಬಿಡಿ, ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ, ನೀರಿನೊಳಗೆ ಏನನ್ನೂ ಮುಟ್ಟಬೇಡಿ.