‘ಬಗ್’ ಎಂಬ ಹುಳು ಯಂತ್ರ ಹೊಕ್ಕ ಕಥೆ

ಪರೀಕ್ಷೆಯ ಫಲಿತಾಂಶ ನೋಡಲು ಮೊಬೈಲ್ ಹಿಡಿದು ಕುಳಿತ ಮಗಳು ‘ಆ್ಯಪ್‌ನಲ್ಲಿ ಏನೋ ಬಗ್ ಇದೆ’ ಎಂದು ಗೊಣಗುತ್ತಾಳೆ. ‘ಯಾವ ಹುಳ ಹೊಕ್ಕಿತಮ್ಮಾ?’ ಎಂದು ಅಪ್ಪ ಕೇಳಿದರೆ ಅವಳಿಗೆ ನಗು. ಆದರೆ ಅಪ್ಪ ಕೇಳಿದ್ದು ತಪ್ಪೇನಲ್ಲ. ನಿಘಂಟು ತೆರೆದರೆ ಬಗ್ ಎಂದರೆ ಹುಳುವೇ. ಜೀವವಿಜ್ಞಾನದಲ್ಲಂತೂ ಅರ್ಥ ಇನ್ನೂ ಬಿಗಿ. ಚುಚ್ಚಿ ಹೀರುವ ಬಾಯಿಯುಳ್ಳ ಹೆಮಿಪ್ಟೆರಾ ಗಣದ ಕೀಟಗಳಿಗೆ ಮಾತ್ರ ಅಲ್ಲಿ ಆ ಹೆಸರು. ನಮ್ಮ ತಿಗಣೆ ಅಪ್ಪಟ ಬಗ್. ಚಿಟ್ಟೆ, ಪತಂಗಗಳು ಅಲ್ಲ.

ಆಡುಮಾತಿನ ಇಂಗ್ಲಿಷಿಗೆ ಈ ಕಟ್ಟುಪಾಡಿಲ್ಲ. ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿಯೂ ಬಗ್, ಕದ್ದು ಕೇಳಲು ಗೋಡೆಯಲ್ಲಿ ಅಡಗಿಸಿಟ್ಟ ಪುಟ್ಟ ಮೈಕೂ ಬಗ್, ಪ್ರವಾಸದ ಹುಚ್ಚೂ ಬಗ್. ಕ್ರಿಯಾಪದವಾದರೆ ಪೀಡಿಸು ಎಂದರ್ಥ. ‘ಡೋಂಟ್ ಬಗ್ ಮಿ’ ಎಂದು ಗೆಳೆಯನಿಗೆ ಹೇಳಬಹುದು. ಹೆಡ್‌ಮಾಸ್ತರರಿಗೆ ಹೇಳುವಂತಿಲ್ಲ, ಪರೀಕ್ಷೆಯ ಪ್ರಬಂಧದಲ್ಲಿಯೂ ಬರೆಯುವಂತಿಲ್ಲ.

ಯಂತ್ರದ ದೋಷಕ್ಕೆ ಈ ಹೆಸರು ಬಂದದ್ದು ಹೇಗೆ? ಎಲ್ಲರೂ ಹೇಳುವ ಕಥೆಯೊಂದಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ 2 ಎಂಬ ಬೃಹತ್ ಗಣಕಯಂತ್ರವಿತ್ತು. ಅದರಲ್ಲಿ ಈಗಿನಂತೆ ಚಿಪ್‌ಗಳಿರಲಿಲ್ಲ. ವಿದ್ಯುತ್ ಹರಿದಾಗ ಟಕ್ಕೆಂದು ಕೂಡುವ, ನಿಂತಾಗ ಬಿಡಿಸಿಕೊಳ್ಳುವ ರಿಲೇಗಳಿದ್ದವು. 1947ರ ಸೆಪ್ಟೆಂಬರ್ 9ರಂದು ಒಂದು ರಿಲೇಯೊಳಗೆ ಪತಂಗವೊಂದು ಸಿಕ್ಕಿಕೊಂಡಿದ್ದು ಕಂಡಿತು. ಕೆಲಸಗಾರರು ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಟೇಪಿನಿಂದ ಅಂಟಿಸಿ, ನಿಜವಾದ ಬಗ್ ಸಿಕ್ಕ ಮೊದಲ ಪ್ರಸಂಗವಿದು ಎಂಬರ್ಥದ ಸಾಲು ಬರೆದರು. ಆ ಪುಟ, ಪತಂಗದ ಸಮೇತ, ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಅಲ್ಲಿ ದುಡಿದಿದ್ದ ಗ್ರೇಸ್ ಹಾಪರ್ ಇದನ್ನು ತಮ್ಮ ಭಾಷಣಗಳಲ್ಲಿ ಹೇಳಿ ಹೇಳಿ ಪ್ರಸಿದ್ಧಗೊಳಿಸಿದರು. ಹುಳು ಹಿಡಿದವರೇ ಅವರೆಂದು ಜನ ನಂಬಿಬಿಟ್ಟಿದ್ದಾರೆ, ಅದು ಸರಿಯಲ್ಲ.

‘ನಿಜವಾದ’ ಎಂಬ ಮಾತನ್ನು ಗಮನಿಸಿ. ದೋಷಕ್ಕೆ ಬಗ್ ಎನ್ನುವ ರೂಢಿ ಮೊದಲೇ ಇದ್ದುದರಿಂದಲೇ ಅದು ತಮಾಷೆಯಾಯಿತು. ಥಾಮಸ್ ಎಡಿಸನ್ 1878ರ ಪತ್ರವೊಂದರಲ್ಲಿಯೇ ಹೊಸ ಸಾಧನಗಳಲ್ಲಿ ತಲೆದೋರುವ ಸಣ್ಣಪುಟ್ಟ ತೊಡಕುಗಳನ್ನು ಬಗ್‌ಗಳೆಂದು ಕರೆದಿದ್ದ. ಅಂದರೆ ಪತಂಗ ಬರುವ ಹೊತ್ತಿಗೆ ಪದಕ್ಕೆ ಎಪ್ಪತ್ತು ವರ್ಷ ತುಂಬುತ್ತ ಬಂದಿತ್ತು!

ಈ ಮುದ್ದು ಪದವೇ ಬೇಡ ಎಂದವರೂ ಇದ್ದಾರೆ. ನೆದರ್ಲೆಂಡ್ಸ್‌ನ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರ 1988ರಲ್ಲಿ, ಇದನ್ನು ತಪ್ಪು ಎಂದೇ ಕರೆಯಬೇಕೆಂದು ವಾದಿಸಿದರು. ಬಗ್ ಎಂದರೆ ಯಾರೂ ನೋಡದಾಗ ಹುಳು ತಾನಾಗಿ ಒಳನುಸುಳಿದಂತಾಗುತ್ತದೆ; ತಪ್ಪು ಎಂದರೆ ಪ್ರೋಗ್ರಾಂ ಬರೆದವನದೇ ಹೊಣೆ. ಲೆಕ್ಕ ತಪ್ಪಿದಾಗ ‘ಅದೇ ತಪ್ಪಿಹೋಯ್ತು’ ಎನ್ನುವ ಮಕ್ಕಳನ್ನು ಕಂಡವರಿಗೆ ಅವರ ಸಿಟ್ಟು ಅರ್ಥವಾದೀತು. ಕನ್ನಡದಲ್ಲಿ ಹುಳುವಿನಿಂದಲೇ ‘ಹುಳುಕು’ ಬಂದಿದೆ. ಹುಳುಕು ಹಲ್ಲು ಎನ್ನುವಾಗ ಕೆಟ್ಟಿರುವುದು ಹಲ್ಲೇ. ಬಗ್‌ಗೆ ಇದಕ್ಕಿಂತ ಒಪ್ಪುವ ಮಾತು ಸಿಗುವುದು ಕಷ್ಟ.

1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಹೊರಟ ಸುಮಾರು 40 ಸೆಕೆಂಡುಗಳಲ್ಲಿ, ನಾಲ್ಕು ಉಪಗ್ರಹಗಳೊಂದಿಗೆ ಚೂರಾಯಿತು. ಅದರ ಗಣಕದಲ್ಲಿ ಒಂದು ಅಳತೆಯನ್ನು 16 ಬಿಟ್‌ಗಳ ಜಾಗಕ್ಕೆ ತುಂಬಬೇಕಿತ್ತು. ಆ ಜಾಗದಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯದು, ಬಂದದ್ದು ದೊಡ್ಡದು. ಆ ಪ್ರೋಗ್ರಾಂ ಭಾಗವನ್ನು ಹಳೆಯ ಏರಿಯಾನ್ 4ರಿಂದ ಹಾಗೆಯೇ ಎತ್ತಿಕೊಂಡಿದ್ದರು. ಹಳೆಯ ರಾಕೆಟ್‌ನ ಹಾರಾಟದಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುತ್ತಿರಲಿಲ್ಲ.